ಹುಳದ ಮನೆಯ ಹಾಡು

ರಾಯದುರ್ಗ
11 ನವೆಂಬರ್ 2024

ಸೌಜಿ,

ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದರಿಂದ ಪೋಸ್ಟ್ ಆಫೀಸಿನವರಿಗೊಂದು ಕೆಲಸ ಸಿಕ್ಕಿತು. ಕೌಂಟರಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಆ ಪುಣ್ಯಾತ್ಮ, "ಯಾರಿಗ್ರಿ ಮೇಡಂ, ಜೈಲಿನಾಗ ಅದಾರೇನು?" ಅಂದ. ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ವಿಳಾಸವನ್ನು ನಿನ್ನ ಅಮ್ಮನ ಹತ್ತಿರ ಇಸಿದುಕೊಂಡೆ. ಕೊಡಬೇಡ ಅಂತ ನೀನು ಹೇಳಿರಲಿಲ್ಲವಂತೆ. ಅಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದೇನೆ.

ಬರುವ ಮಾರ್ಚಿಗೆ ಗೋಪಣ್ಣನ ಮಹಡಿಗೆ ಹತ್ತು ವರ್ಷ. ಜೀನ್ಸ್ ಗೋಡೌನಿನ ಮೇಲೆ ತಗಡು ಹೊದಿಸಿ, ಎರಡು ಸ್ಪೀಕರ್ ಇಟ್ಟು, "ಸಿನಿಮಾ ಹಾಡು ಬ್ಯಾಡ್ರಿ, ನಿಮ್ಮ ಹಾಡು ಹಾಡ್ರಿ" ಅಂತ ಬೋರ್ಡು ಬರೆಸಿದ ಮನುಷ್ಯ ಅದನ್ನು ಹತ್ತು ವರ್ಷ ನಡೆಸುತ್ತಾನೆ ಅಂತ ಯಾರು ಅಂದುಕೊಂಡಿದ್ದರು! ಮೊದಲ ದಿನ ಅಲ್ಲಿ ಹಾಡಿದ್ದು ನಾವು. ನೀನು ಡ್ರಮ್ಸ್, ಸಿದ್ದರಾಮೇಶ್ ಬೇಸ್, ನಾನು ಗಿಟಾರು ಮತ್ತು ಗಂಟಲು. ಕೇಳಲು ಕೂತವರು ನಮ್ಮಪ್ಪನ ಶೆಡ್ಡಿನ ಟೈಲರ್‌ಗಳು, ಅವರ ನಡುವೆ ನಿನ್ನ ಅಮ್ಮ. ಜೀನ್ಸಿನ ಬಲಗಡೆ ಜೇಬಿನೊಳಗೆ ಯಾರಿಗೂ ಬೇಡದ ಪುಟ್ಟ ಜೇಬೊಂದು ಇರುತ್ತದಲ್ಲ, ಅದನ್ನು ಹೊಲಿಯುವುದೇ ಅವಳ ಕೆಲಸವಾಗಿತ್ತು. ನಮ್ಮ ಬ್ಯಾಂಡಿಗೆ "ಐದನೇ ಜೇಬು" ಅಂತ ಹೆಸರಿಟ್ಟವಳೂ ಅವಳೇ.

ನೀನು ಹೋದ ಮೇಲೆ ಡ್ರಮ್ಸಿಗೆ ಯಾರ್‍ಯಾರೋ ಬಂದು ಹೋದರು. ಈಗಿನವನು ಒಳ್ಳೆಯವನೇ, ಆದರೆ ಓಡುತ್ತಾನೆ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸಾಲು ಮುಗಿಸಿಬಿಡುತ್ತಾನೆ. ನೀನಿದ್ದಾಗ ನಾನು ಎಲ್ಲಿ ಉಸಿರಾಡುತ್ತೇನೆ ಅಂತ ನಿನಗೆ ಗೊತ್ತಿರುತ್ತಿತ್ತು.

ನಿನ್ನ ಮದುವೆಯ ದಿನ, ನಿನ್ನ ಗಂಡನ ಮನೆಯವರ ಎದುರಿಗೇ, "ರೇಷ್ಮಿ ಹುಳಾ ಸಾಕಾಕ ಡ್ರಮ್ಸ್ ಬಿಟ್ಟಿಯೇನ?" ಅಂದೆನಲ್ಲ, ಅದು ಹೊಟ್ಟೆಕಿಚ್ಚಿನ ಮಾತು. ನೀನು ಮಾತು ಬಿಟ್ಟದ್ದು ಸರಿಯೇ. ಆದರೆ ಮೂರು ವರ್ಷ ಸಾಕಲ್ಲವಾ?

ಕಾರ್ಯಕ್ರಮ ಮಾರ್ಚ್ ಎರಡು, ಭಾನುವಾರ. ಒಂದೆರಡು ಹಾಡಿಗಾದರೂ ಬಾ.

ಕಾಯುತ್ತಿರುವ,
ತನುಶ್ರೀ


ಗುಡಿಬಂಡೆ, ಮಡಕಶಿರ
2 ಡಿಸೆಂಬರ್ 2024

ತನು,

ನಿನ್ನ ಕಾಗದ ತಂದುಕೊಟ್ಟವರು ನಮ್ಮ ಅತ್ತೆ. ರಸ್ತೆಯಿಂದಲೇ ಕೂಗುತ್ತ ಬಂದರು. "ಅಮ್ಮಾಯಿ, ನಿಂಗೆ ಕಾಗ್ದ ಬಂದೈತೆ! ಗೌರ್ಮೆಂಟೋರ್ದಲ್ಲ, ಕೈಯಾಗೆ ಬರ್ದಿರೋದು!" ಅವರಿಗೆ ಯಾವ ಭಾಷೆಯ ಅಕ್ಷರವೂ ಬಾರದು, ಆದರೂ ಹಿಂದೆ ಮುಂದೆ ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ ಕೊಟ್ಟರು.

ಸಿಟ್ಟು ಪೂರ್ತಿ ಇಳಿದಿಲ್ಲ. ಅದಕ್ಕೇ ಫೋನು ಬೇಡ. ಫೋನಿನಲ್ಲಿ ನೀನೇ ಮಾತಾಡುತ್ತೀಯ, ಕಾಗದದಲ್ಲಿ ನನಗೂ ಸರದಿ ಬರುತ್ತದೆ.

ಗಂಡನಾಗಿ ತಿರುಪತಿ ಒಳ್ಳೆಯವನು. ಲಾರಿ ಓಡಿಸುತ್ತಾನೆ, ಇವತ್ತು ಸೇಲಂ ಅಂದರೆ ನಾಳೆ ನಾಗಪುರ. ಮನೆಗೆ ಬಂದಾಗ ಮೂರು ದಿನ ನಿದ್ದೆ ಮಾಡುತ್ತಾನೆ, ನಾಲ್ಕನೇ ದಿನ ಮತ್ತೆ ಹೊರಡುತ್ತಾನೆ. ಹೀಗಾಗಿ ಇಲ್ಲಿ ಇರುವವರು ಅತ್ತೆ, ನಾನು ಮತ್ತು ರೇಷ್ಮೆ ಹುಳ. ಹಿತ್ತಲಿನಲ್ಲಿ ಹುಳದ ಮನೆ. ತಟ್ಟೆ ತುಂಬ ಹುಳ, ದಿನಕ್ಕೆ ಎಷ್ಟೋ ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹಿಂದಿನ ಬೆಳೆ ಚೆನ್ನಾಗಿ ಬಂತು ಅಂತ ಅತ್ತೆ ನನಗೊಂದು ವಾಚು ಕೊಡಿಸಿದರು. ಟೈಮ್ ನೋಡುವ ಕೆಲಸವೇನೂ ಇಲ್ಲ, ಆದರೂ ಕಟ್ಟಿಕೊಳ್ಳುತ್ತೇನೆ.

ಒಂದು ಮಾತು ಹೇಳಲಾ? ಇಲ್ಲಿ ನನ್ನ ಹೆಸರನ್ನು ಯಾರೂ ಕರೆಯುವುದಿಲ್ಲ. ಅತ್ತೆಗೆ ನಾನು ಅಮ್ಮಾಯಿ, ಊರಿಗೆ ಪೆದ್ದಮ್ಮನ ಸೊಸೆ, ತಿರುಪತಿ ಫೋನಿನಲ್ಲಿ "ಏನಮ್ಮಾ" ಅನ್ನುತ್ತಾನೆ. ಬೆಳಿಗ್ಗೆ ಸೊಪ್ಪು ಹೊತ್ತು ಹುಳದ ಮನೆಯೊಳಗೆ ಹೋದ ಕೂಡಲೇ ಅತ್ತೆ ಹೊರಗಿನಿಂದ ಬಾಗಿಲು ಹಾಕುತ್ತಾರೆ. ಒಳಗೆ ನಾನು ಮತ್ತು ಅವು ಸೊಪ್ಪು ತಿನ್ನುವ ಸದ್ದು. ಒಂದೊಂದು ದಿನ ಹುಳಗಳ ಮುಂದೆ ನಿಂತು ನನ್ನ ಹೆಸರನ್ನು ನಾನೇ ಕೂಗಿಕೊಳ್ಳುತ್ತೇನೆ. ಸೌಜನ್ಯಾ ಅಂತ, ಮೆಲ್ಲಗೆ. ಕೇಳಿದರೆ ಜೀವಕ್ಕೆ ಹಾಯೆನ್ನಿಸುತ್ತದೆ. ಹುಚ್ಚಿ ಅನ್ನಬೇಡ.

ಇದು ನಿನಗೆ ಮಾತ್ರ ಹೇಳಿದ್ದು. ಅತ್ತೆಗೆ ಗೊತ್ತಾದರೆ ತುಂಬ ನೊಂದುಕೊಳ್ಳುತ್ತಾರೆ, ಇಲ್ಲಿ ನನಗೆ ಅವರನ್ನು ಬಿಟ್ಟರೆ ಯಾರೂ ಇಲ್ಲ.

ಮಾರ್ಚಿಗೆ ಬರುವ ವಿಷಯ ಯೋಚಿಸಿ ಹೇಳುತ್ತೇನೆ.

ಸೌಜನ್ಯ


ರಾಯದುರ್ಗ
10 ಡಿಸೆಂಬರ್ 2024

ಸೌಜಿ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ, ಮಷೀನುಗಳ ಗದ್ದಲದ ನಡುವೆ ಓದಿದೆ. ಅಳು ಬಂತು. ನಮ್ಮಪ್ಪ "ಯಾಕವ್ವಾ?" ಅಂದರು, ಕಣ್ಣಿಗೆ ನೂಲಿನ ಧೂಳು ಬಿತ್ತು ಅಂದೆ. ಜೀನ್ಸ್ ಶೆಡ್ಡಿನಲ್ಲಿ ಈ ಸುಳ್ಳು ಚೆನ್ನಾಗಿ ನಡೆಯುತ್ತದೆ.

ಜಾಸ್ತಿ ಕೇಳುವುದಿಲ್ಲ. ಕಾಗದ ಅಲ್ಲಿ ಯಾರ ಕೈಗೆ ಸಿಗುತ್ತದೋ ಏನೋ. ನನಗೆ ಅರ್ಥವಾಗಿದೆ ಅಂತಷ್ಟೇ ತಿಳಿದುಕೋ. ನೀನು ಹೇಗಾದರೂ ಬಾ. ಗೋಪಣ್ಣನಿಗೆ ಹೇಳಿದರೆ ಕುರ್ಚಿಯಿಂದ ಎದ್ದುಬಿಟ್ಟ. "ಸೌಜನ್ಯಮ್ಮ ಬಂದ್ರನ ಹತ್ ವರ್ಷ ಆದಂಗ ನೋಡ್ರಿ, ಇಲ್ಲಾಂದ್ರ ಬರೇ ಕ್ಯಾಲೆಂಡರ್ ಬದ್ಲಾದಂಗ" ಅಂದ.

ನಿನ್ನ,
ತನು


ಗುಡಿಬಂಡೆ, ಮಡಕಶಿರ
9 ಜನವರಿ 2025

ತನು,

ಬರುತ್ತೇನೆ!

ಅತ್ತೆಗೆ ಹೇಗೆ ಹೇಳುವುದು ಅಂತ ಒಂದು ವಾರ ಒದ್ದಾಡಿದೆ. ಹೇಳಿದರೆ, "ಅದೇನು, ಬಡಿಯೋದಾ? ನೀನು ಸೊಪ್ಪಿನ ಬುಟ್ಟಿ ಬಡೀತೀಯಲ್ಲ, ಅಂಗಾ?" ಅಂದರು. ಖಾಲಿ ಬುಟ್ಟಿ ಕೈಗೆ ಸಿಕ್ಕರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಕಡಲೆಕಾಯಿ ಸುಲಿಯುತ್ತ ಕೂತ ಅತ್ತೆ ತಲೆದೂಗುವುದೂ ಉಂಟು, ತಾಳಕ್ಕೆ ಸರಿಯಾಗಿ ಅಲ್ಲ. ಡ್ರಮ್ಸ್ ಅಂದರೆ ಅದಕ್ಕಿಂತ ದೊಡ್ಡದು ಅಂತ ವಿವರಿಸಿದೆ. "ಜನ ಬರ್ತಾರಾ ನೋಡಾಕೆ?" ಅಂದರು. ಬರುತ್ತಾರೆ ಅಂದೆ. "ಅಂಗಾದ್ರೆ ನಾನೂ ಬತ್ತೀನಿ" ಅಂದುಬಿಟ್ಟರು!

ಈಗಿನ ಗೂಡು ಬಿಡಿಸಿದ ಮೇಲೆ ಹೊಸ ಹುಳವನ್ನು ತಡವಾಗಿ ತರೋಣ ಅಂತ ಅವರೇ ತೀರ್ಮಾನಿಸಿದ್ದಾರೆ. ಹಾಗಾಗಿ ಮಾರ್ಚ್ ಮೊದಲ ವಾರ ಹುಳದ ಮನೆ ಖಾಲಿ. ಈ ಮನೆಗೆ ಬಂದಾಗಿನಿಂದ ಅವರು ಹುಳಕ್ಕಿಂತ ಮುಂದೆ ಯಾವುದನ್ನೂ ಇಟ್ಟದ್ದು ನಾನು ನೋಡಿಲ್ಲ. ನಾನು ನಿಜವಾಗಿ ಖುಷಿಯಾಗಿದ್ದೇನೆ, ಸ್ವಲ್ಪ ಹೆದರಿಕೆಯೂ ಇದೆ. ಯಾರೂ ತಡೆಯದಿದ್ದರೆ, ಬಾರಿಸಲು ಕೈಗೆ ಬರದಿದ್ದಾಗ ತಪ್ಪನ್ನು ಯಾರ ಮೇಲೆ ಹಾಕಲಿ?

ಹಳೆಯದು ಯಾವುದಾದರೂ ಒಂದು ಹಾಡು ಇಟ್ಟುಕೋ. ಅದು ನನ್ನ ಕೈಗೆ ನೆನಪಿರುತ್ತದೆ.

ಸೌಜನ್ಯ


ರಾಯದುರ್ಗ
5 ಫೆಬ್ರವರಿ 2025

ಸೌಜಿ,

ಹಳೆಯದೊಂದು, ಹೊಸದೊಂದು. ಹೊಸದು ನಿನಗಾಗಿಯೇ ಕಟ್ಟಿದ್ದು. ಹಾಡಿನ ಸಾಲು ಈಗ ಹೇಳುವುದಿಲ್ಲ, ಆ ದಿನ ಬೆಳಿಗ್ಗೆ ಪ್ರಾಕ್ಟೀಸಿನಲ್ಲೂ ಬರೀ ರಾಗ ಗುನುಗುತ್ತೇನೆ. ಸಂಜೆಗೆ ನಿನಗೊಂದು ಉಡುಗೊರೆ ಇರಲಿ. ತಾಳ ಸುಲಭ, ನಡಿಗೆಯ ವೇಗ.

ನಿನ್ನ ಅತ್ತೆಯೂ ಬರಲಿ. ಕಾವಲಿಗೆ ಬಂದರೂ ಸರಿ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ.

ತನು


ರಾಯದುರ್ಗ
4 ಮಾರ್ಚ್ 2025

ಸೌಜಿ,

ಊಟಕ್ಕೂ ನಿಲ್ಲದೆ ಯಾಕೆ ಹೋದೆ? ಮರುದಿನ ಬೆಳಿಗ್ಗೆ ನಿನ್ನ ಅಮ್ಮನ ಮನೆಗೆ ಓಡಿಬಂದೆ, ಮೊದಲ ಬಸ್ಸಿಗೇ ಹೊರಟಿರಂತೆ. ನಿನ್ನ ಅಮ್ಮ ನನ್ನ ಮುಖ ನೋಡದೆ ಚಹಾ ಕೊಟ್ಟಳು.

ಖುಷಿಗೆ ಗೋಪಣ್ಣನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಕರೆಂಟು ಎಳೆಯದಿರಲಿ ಅಂತ ಕೆಳಗಿನ ಮಷೀನುಗಳನ್ನೆಲ್ಲ ನಿಲ್ಲಿಸಿ, ಶೆಡ್ಡಿನವರೆಲ್ಲ ಮೇಲೆ ಬಂದಿದ್ದರು. ಅನಂತಪುರ, ಬಳ್ಳಾರಿಯಿಂದ ಹುಡುಗರು ಬಂದಿದ್ದರು. ಬೊಮ್ಮನಹಾಳಿನ ಕಡೆಯಿಂದ ಗದ್ದೆ ಕೆಲಸ ಮುಗಿಸಿ ಬಂದ ಹೆಂಗಸರೂ ಮೆಟ್ಟಿಲ ಮೇಲೆ ನಿಂತಿದ್ದರು. ಹಳೆಯ ಹಾಡಿನಲ್ಲಿ ನೀನು ಬಾರಿಸಿದ್ದು ಕೇಳಿ ನನಗೆ ಹಾಡುವುದೇ ಮರೆಯುವಂತಾಗಿತ್ತು. ಆಮೇಲೆ ಹೊಸ ಹಾಡು. "ಹುಳದ ಮುಂದೆ ನನ್ನ ಹೆಸರು ನಾನೇ ಕೂಗಿಕೊಂಡೆ" ಅನ್ನುವಾಗ ಮುಂದೆ ಕೂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. "ಅತ್ತೆ ಹೊರಗೆ ಬಾಗಿಲು ಹಾಕಿ ಅಗುಳಿ ಜಡಿದಳು" ಅನ್ನುವಾಗ ಹಿಂದಿನಿಂದ ಯಾರೋ "ಥೂ" ಅಂದರು.

ಹೌದು, ನಿನ್ನ ಅತ್ತೆ ಕೂತಿದ್ದಾರೆ ಅಂತ ಗೊತ್ತಿದ್ದೇ ಹಾಡಿದೆ. ಕೇಳಲಿ ಅಂತಲೇ ಹಾಡಿದೆ. ನೀನು ಹೇಳಲಾಗದ್ದನ್ನು ಯಾರಾದರೂ ಹೇಳಬೇಕಿತ್ತು. ನಿನಗೆ ಸಮಾಧಾನವಾಯಿತು ತಾನೆ?

ನಿನ್ನ,
ತನು


ರಾಯದುರ್ಗ
21 ಮಾರ್ಚ್ 2025

ಸೌಜಿ,

ಏನಾದರೂ ಬರೆ. ಬೈದಾದರೂ ಬರೆ.

ತನು


ಗುಡಿಬಂಡೆ, ಮಡಕಶಿರ
7 ಏಪ್ರಿಲ್ 2025

ತನುಶ್ರೀ,

ಊಜಿ ನೊಣ ಅಂತ ಒಂದಿದೆ. ಹುಳದ ಮನೆಯೊಳಗೆ ಅದು ಒಂದೇ ಒಂದು ನುಗ್ಗಿದರೆ ಸಾಕು, ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಹಾಳು ಮಾಡುತ್ತದೆ. ಎರಡೂ ಕೈಯಲ್ಲಿ ಸೊಪ್ಪು ಹೊತ್ತು ಒಳಗೆ ಹೋಗುವವಳು ಬಾಗಿಲು ಹಾಕಿಕೊಳ್ಳುವುದು ಹೇಗೆ? ಹೊರಗಿದ್ದವರು ಹಾಕುತ್ತಾರೆ. ಇಲ್ಲಿ ಹುಳ ಸಾಕುವ ಮನೆಗಳಲ್ಲೆಲ್ಲ ಹೀಗೇ. ಅದೊಂದು ಬಲೆಯ ಬಾಗಿಲು. ಅಗುಳಿ ಇಲ್ಲ, ಚಿಲಕವೂ ಇಲ್ಲ, ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ. ಇದನ್ನೆಲ್ಲ ನಿನಗೆ ಬರೆಯಬೇಕು ಅಂತ ನನಗೆ ಹೊಳೆಯಲಿಲ್ಲ. ನೀವು ಶೆಡ್ಡಿನಲ್ಲಿ ಕತ್ತರಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ನನಗೆ ಬರೆಯುತ್ತೀಯಾ?

ಅತ್ತೆ ಆ ದಿನಕ್ಕೆ ಹೊಸ ಸೀರೆ ಉಟ್ಟಿದ್ದರು. ಹಳೆಯ ಹಾಡಿಗೆ ಪಕ್ಕದ ಹೆಂಗಸಿನ ಭುಜ ಹಿಡಿದು, ನನ್ನ ಕಡೆ ಬೆರಳು ಮಾಡಿ ಏನೋ ಹೇಳುತ್ತಿದ್ದರು. ನಮ್ಮ ಸೊಸೆ ಅಂತ ಹೇಳುತ್ತಿದ್ದರು, ಬಾಯಿ ಆಡುವುದರಲ್ಲೇ ನನಗೆ ಗೊತ್ತಾಯಿತು. ಆಮೇಲೆ ನಿನ್ನ ಉಡುಗೊರೆ ಶುರುವಾಯಿತು. ಮೊದಲ ಸಾಲಿಗೇ ನನ್ನ ಕಾಗದ ಅಂತ ತಿಳಿಯಿತು. ಎರಡನೇ ಸಾಲಿಗೆ ಅತ್ತೆಯ ಕೈ ಆ ಹೆಂಗಸಿನ ಭುಜದಿಂದ ಕೆಳಗಿಳಿಯಿತು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಿನ್ನ ಹಾಡು ಬೀಳುತ್ತಿತ್ತು, ಹಾಡು ಬೀಳದಂತೆ ನೋಡಿಕೊಳ್ಳುವುದನ್ನಷ್ಟೇ ನನ್ನ ಕೈ ಕಲಿತಿದ್ದು. ಕೊನೆಯವರೆಗೂ ಬಾರಿಸಿದೆ. ನೀನು ಎಲ್ಲಿ ಉಸಿರಾಡುತ್ತೀಯ ಅಂತ ನೋಡಿಕೊಂಡು ಬಾರಿಸಿದೆ. ಅದಕ್ಕೆ ನನ್ನ ಮೇಲೇ ನನಗೆ ಅಸಹ್ಯ.

ಮರುದಿನ ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿ ಪಕ್ಕ ಕೂರಿಸಿದರು. ಕಲ್ಯಾಣದುರ್ಗ ದಾಟಿದ ಮೇಲೆ, "ನಾನು ನಿನ್ನ ಕೂಡಾಕ್ತೀನಿ ಅನ್ನಿಸ್ತಾ?" ಅಂದರು. ಅಯ್ಯೋ ಇಲ್ಲ ಅತ್ತೆ, ಅದು ತನು ಕಟ್ಟಿದ ಹಾಡು ಅಂದೆ. "ಬಡೀತಿದ್ದದ್ದು ನೀನೇ ಅಲ್ವಾ" ಅಂದರು. ಅಷ್ಟೇ.

ಈಗ ಸೊಪ್ಪನ್ನು ಅವರೇ ಒಳಗೆ ಒಯ್ಯುತ್ತಾರೆ. ನಾನು ಬಾಗಿಲು ಹಾಕಲು ಹೋದರೆ, "ನೀನ್ಯಾಕೆ, ಕೂತ್ಕ" ಅನ್ನುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ. ಸೌಜನ್ಯ, ಊಟಕ್ಕೆ ಬಾ. ಸೌಜನ್ಯ, ಕಾಪಿ ಕುಡಿ. ಬ್ಯಾಂಕಿನಲ್ಲಿ ಟೋಕನ್ ಕೂಗಿದ ಹಾಗಿರುತ್ತದೆ. ಮೊದಲು ಒಂದೇ ತಟ್ಟೆಯಿಂದ ಕಡಲೆಕಾಯಿ ತಿನ್ನುತ್ತಿದ್ದೆವು. ಈಗ ನನಗೆ ಬೇರೆ ತಟ್ಟೆ, ಅದರ ತುಂಬ ಕಡಲೆಕಾಯಿ.

ನಾನು ಒಂಟಿ ಅಂತ ನಿನಗೆ ಬರೆದಾಗ ನಾನು ಒಂಟಿಯಾಗಿರಲಿಲ್ಲ ತನು. ಈಗ ಆಗಿದ್ದೇನೆ. ನೀನು ನನ್ನನ್ನು ಒಂದು ಸಲ ಕೇಳಬೇಕಿತ್ತು.

ಸೌಜನ್ಯ


ರಾಯದುರ್ಗ
15 ಏಪ್ರಿಲ್ 2025

ಸೌಜನ್ಯ,

ನಾನು ಮಾಡಿದ್ದು ಕೆಟ್ಟ ಕೆಲಸ. ಇದಕ್ಕಿಂತ ಚೆಂದದ ಮಾತು ನನ್ನ ಹತ್ತಿರ ಇಲ್ಲ, ಇದ್ದರೂ ಈಗ ನನ್ನ ಚೆಂದದ ಮಾತಿಗೆ ನಾನೇ ಹೆದರುತ್ತೇನೆ.

ಆ ಹಾಡು ಇನ್ನು ಹಾಡುವುದಿಲ್ಲ. ಗೋಪಣ್ಣ ಮೊಬೈಲಿನಲ್ಲಿ ಹಾಕಿದ್ದನ್ನು ತೆಗೆಸಿದೆ. ಯಾಕ ಅಂತ ಕೇಳಿದ, ಕಾರಣ ಹೇಳಿದೆ, ಪಾಪ ತಲೆ ಮೇಲೆ ಕೈ ಹೊತ್ತು ಕೂತ. ಈಚೆಗೆ ಮಧ್ಯಾಹ್ನ ಒಬ್ಬಳೇ ಮಹಡಿಗೆ ಹೋಗಿ ಕೂರುತ್ತೇನೆ. ಮೇಲೆ ತಗಡು ಕಾದಿರುತ್ತದೆ, ಕೆಳಗೆ ಮಷೀನು ಓಡುತ್ತಿರುತ್ತವೆ. ನೀನು ಹೋದ ಮೇಲೆ ಇಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ನಿನ್ನ ಕಾಗದ ಬಂದಾಗ, ಇವಳೂ ನನ್ನ ಹಾಗೇ ಇದ್ದಾಳೆ ಅಂತ ಒಳಗೊಳಗೇ ಖುಷಿಯಾಗಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಒಂಟಿಯಾಗಿದ್ದವಳು ನಾನು, ಹಾಡು ಕಟ್ಟಿದ್ದು ನಿನ್ನ ಹೆಸರಿನಲ್ಲಿ.

ಈ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳು. ಅಮ್ಮಾ, ನನಗೆ ನೊಣದ ವಿಷಯ ಗೊತ್ತಿರಲಿಲ್ಲ. ನಿಮ್ಮ ಸೊಸೆ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಬರೆದವಳಲ್ಲ. ಬಾಗಿಲಿನ ಸಾಲು ನನ್ನದು. ನಿಮ್ಮ ಕಾಲಿಗೆ ಬೀಳುತ್ತೇನೆ.

ತನುಶ್ರೀ


ಗುಡಿಬಂಡೆ, ಮಡಕಶಿರ
12 ಮೇ 2025

ತನು,

ನಿನ್ನ ಕಾಗದ ಓದಿ ಹೇಳಿದೆ. ಇವತ್ತು ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಕೂತು, "ಬರ್ಕ, ನಾನೂ ಹೇಳ್ತೀನಿ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ರಾಯದುರ್ಗದ ಮಗಳಿಗೆ ಪೆದ್ದಮ್ಮ ಹೇಳಿ ಬರ್ಸೋದು. ನಿನ್ ಕಾಗ್ದ ಇವ್ಳು ಓದುದ್ಲು. ನಾನು ನೊಂದ್ಕಬಾರ್ದು ಅಂತ ಇವ್ಳೇ ನಾಕ್ ಮಾತು ಸೇರ್ಸಿ ಓದುದ್ಲೋ ಏನೋ, ನಂಗೆ ಅಕ್ಸರ ಬರಾಕಿಲ್ಲ. ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವ. ಜನ ನನ್ ಮುಂದೇನೇ ಥೂ ಅಂದ್ರು. ಅನ್ಲಿ, ಅವ್ರಿಗೇನ್ ಗೊತ್ತು. ಆದ್ರೆ ನೀನು ಹಾಡ್ದೆ ಇದ್ದಿದ್ರೆ ನಂಗೆ ತಿಳೀತಾನೇ ಇರ್ಲಿಲ್ಲ. ಈ ಹುಡ್ಗಿ ನಗ್ತಾ ಇತ್ತು, ಬುಟ್ಟಿ ಬಡೀತಾ ಇತ್ತು, ಚೆನ್ನಾಗೈತೆ ಅಂದ್ಕಂಡಿದ್ದೆ. ಅವತ್ತು ಮೊದ್ಲು ಒಂದು ಹಾಡಾಯ್ತಲ್ಲ, ಅದ್ರಾಗೆ ಇವ್ಳ ಮುಖ ನೋಡ್ದೆ. ನಮ್ಮನೇಗೆ ಬಂದಾಗ್ಲಿಂದ ಆ ಮುಖ ನಾನು ನೋಡೇ ಇರ್ಲಿಲ್ಲ. ಮೂರೊರ್ಸ ಎಲ್ಲಿ ಬಚ್ಚಿಟ್ಕಂಡಿತ್ತು?

"ಯಾಕೆ ನಿಲ್ಸಿದ್ದೀಯ, ಬರಿ.

"ನಾನು ಈ ಮನೇಗೆ ಬಂದಾಗ್ಲೂ ಇಂಗೇ ಇದ್ದೆ. ಹೋಗು ಅಂತ ಯಾರೂ ಅನ್ಲಿಲ್ಲ. ಅಂದಿದ್ರೆ ಹೋಗ್ತಿದ್ನೋ ಏನೋ. ಅದ್ಕೇ ನಾನು ಹೋಗು ಅಂತೀನಿ. ಈ ಸಲ ಹುಳ ತರಾಕಿಲ್ಲ ಅಂತ ಹೇಳ್ಬುಟ್ಟೀನಿ. ತಿರುಪತಿಗೂ ಹೇಳೀನಿ. ಇವ್ಳನ್ನ ಮುಂದಿನ ವಾರ ಬಸ್ಸಿಗೆ ಹತ್ತುಸ್ತೀನಿ. ನಿಮ್ ಜೊತೆ ಬಡ್ಕಂಡು ಚೆನ್ನಾಗಿರ್ಲಿ. ಬರ್ಬೇಕು ಅನ್ಸಿದ್ರೆ ಬರ್ಲಿ, ಇಲ್ಲಾಂದ್ರೆ ಇಲ್ಲ, ನಾನೇನೂ ಅನ್ಕಳಾಕಿಲ್ಲ. ಮೊಸ್ರು ಇಲ್ದೆ ಉಣ್ಣಾಕಿಲ್ಲ ಇವ್ಳು, ನೋಡ್ಕ."

ಇಲ್ಲಿಂದ ನಾನು.

ನಾನು ಹೋಗುವುದಿಲ್ಲ ಅಂದೆ. ಅತ್ತೆ ನಗುತ್ತಾರೆ. ತನಗೆ ನೋವಾಗದಿರಲಿ ಅಂತ ಹೇಳುತ್ತಿದ್ದೇನೆ ಅನ್ನುತ್ತಾರೆ. ಅತ್ತೆ, ನನಗೆ ಇಲ್ಲೇ ಇರಬೇಕು ಅಂದರೆ, ಹುಳದ ಮುಂದೆಯೂ ಹೀಗೇ ಹೇಳಿಕೊಳ್ಳುತ್ತಿದ್ದೆಯಾ ಅನ್ನುತ್ತಾರೆ. ಡ್ರಮ್ಸ್ ನನಗೆ ಬೇಕು, ಸುಳ್ಳು ಹೇಳುವುದಿಲ್ಲ. ಆ ದಿನ ಮೊದಲ ಹಾಡಿನಲ್ಲಿ ನನ್ನ ಮೈ ನನಗೆ ವಾಪಸ್ ಸಿಕ್ಕಿತ್ತು. ಆದರೆ ಬಾರಿಸಿ ಮುಗಿಸಿ ಈ ಮನೆಗೆ ಬರಬೇಕು, ಬಂದು ಹೇಗಾಯಿತು ಅಂತ ಇವರಿಗೆ ಹೇಳಬೇಕು ಅನ್ನುವುದೂ ಅಷ್ಟೇ ಆಸೆ. ಇಷ್ಟು ಸಣ್ಣ ವಿಷಯವನ್ನು ಅವರಿಗೆ ತಿಳಿಸಲಾರದೆ ಸಾಯುತ್ತಿದ್ದೇನೆ.

ಈಗ ಒಳಗೆ ನನ್ನ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬುತ್ತಿದ್ದಾರೆ. ನಾನು ಒಂದು ಸಲ ತೆಗೆದಿಟ್ಟೆ, ಮತ್ತೆ ತುಂಬುತ್ತಿದ್ದಾರೆ. ನನ್ನ ಒಳ್ಳೆಯ ಸೀರೆಗಳ ಮೇಲೆ ಅವರ ಹೊಸ ಸೀರೆಯನ್ನೂ ಇಟ್ಟಿದ್ದಾರೆ. ಮುಖದಲ್ಲಿ ಸಿಟ್ಟಿಲ್ಲ, ಅದೇ ನೋಡಲಾಗುವುದಿಲ್ಲ.

ತನು, ಅವರು ನನ್ನ ಮಾತು ನಂಬುವುದಿಲ್ಲ, ನಿನ್ನ ಹಾಡನ್ನು ನಂಬಿದ್ದಾರೆ. ಇನ್ನು ಕಾಗದ ಬರೆಯಬೇಡ, ಓದಿ ಹೇಳುವವಳು ನಾನೇ. ಫೋನು ಮಾಡಿದರೆ ನಾನೇ ಹೇಳಿಸಿದೆ ಅನ್ನುತ್ತಾರೆ. ನೀನೇ ಬಾ. ಬಂದು ಅವರ ಎದುರು ಕೂತು, ಯಾವ ಮಾತು ನನ್ನದು, ಯಾವುದು ನಿನ್ನದು ಅಂತ ಬಿಡಿಸಿ ಹೇಳು. ಅವರು ಬೈದರೆ ಬೈಸಿಕೋ, ಉಣ್ಣು ಅಂದರೆ ಉಣ್ಣು.

ಅವರು ನನ್ನನ್ನು ಬಸ್ಸು ಹತ್ತಿಸುವ ಮೊದಲು ಬಾ. ಬರುವಾಗ ಗಿಟಾರು ತರಬೇಡ.

ಸೌಜನ್ಯ